ತಗಡಿನ ಮಗುವಿಗೆ ಅತ್ತವರು

ಹಾಲಿನ ಸಂಘದವರು ಒಟ್ಟಾಗಿ ಸಿನಿಮಾಕ್ಕೆ ಹೋಗುವುದೆಂದರೆ ಸುಲಭದ ಮಾತಲ್ಲ. ಬೆಳಗಿನ ಹಾಲು ಅಳೆದು, ಕ್ಯಾನುಗಳನ್ನು ತೊಳೆದು ಕವುಚಿಟ್ಟು, ದನಗಳ ಮುಂದೆ ಮೇವು ಎಳೆದು ಹೊರಡಬೇಕು. ಸಂಜೆ ಹಾಲಿನ ಹೊತ್ತಿಗೆ ಮತ್ತೆ ಕೊಟ್ಟಿಗೆಯಲ್ಲಿರಬೇಕು. ಕೆಚ್ಚಲು ಬಿಗಿದು ನಿಂತ ಹಸುವಿಗೆ ಸಿನಿಮಾ ಇನ್ನೂ ಮುಗಿದಿಲ್ಲ ಎಂದರೆ ಅರ್ಥವಾಗುತ್ತದೆಯೇ? ಅಷ್ಟೆಲ್ಲ ಹೊಂದಿಸಿದವಳು ಸಂಘದಲ್ಲಿ ಹಾಲು ಅಳೆಯುವವಳು. ಅವಳನ್ನು ಊರಿನಲ್ಲಿ ಚಿಕ್ಕವರು ದೊಡ್ಡವರೆನ್ನದೆ ಹಾಲಿನಕ್ಕ ಎನ್ನುತ್ತಿದ್ದರು. ಅವಳ ಗಂಡ ಓಡಿಸುವುದು ಸಂಘದ ವ್ಯಾನು. ಅವತ್ತು ಕ್ಯಾನು ಇಳಿಸಿ, ಹಿಂದೆ ಗೋಣಿಚೀಲ ಹಾಸಿ, ಹತ್ತಿಪ್ಪತ್ತು ಜನರನ್ನು ಕೂರಿಸಿಕೊಂಡು ಪೇಟೆಗೆ ಹೊರಟಿದ್ದ. ಮುಂದಿನ ಸೀಟು ಮಾತ್ರ ದೊಡ್ಡಮ್ಮನಿಗೆ ಮೀಸಲು.

ನಿಜ ಹೇಳಬೇಕೆಂದರೆ ಈ ಸಡಗರವೆಲ್ಲ ದೊಡ್ಡಮ್ಮನಿಗಾಗಿಯೇ. ಅವಳು ಹಾಲಿನಕ್ಕನ ತಾಯಿಯ ಅಕ್ಕ. ಮುಂದಿನ ವಾರದಿಂದ ಅವಳು ಹಾಲಿನಕ್ಕನ ಮನೆಗೇ ಬಂದು ಇರುವುದೆಂದು ಮಾತಾಗಿತ್ತು. ಮಗನ ಮನೆಯಲ್ಲಿ ಇದ್ದಳು, ಏನೂ ಕೊರತೆ ಇರಲಿಲ್ಲ. ಆದರೂ ಸೊಸೆಗೂ ಅವಳಿಗೂ ದಿನಾ ಒಂದಲ್ಲ ಒಂದು ಕಿರಿಕಿರಿ. ಹಾಲಿನಕ್ಕನೇ ಹಟ ಹಿಡಿದು, "ನನ್ನ ಹತ್ರ ಬಂದುಬಿಡು, ನಿನಗೆ ಮಗಳಿಲ್ಲವಾ?" ಎಂದಿದ್ದಳು. ಒಳಗಿನ ಕೋಣೆಗೆ ಸುಣ್ಣ ಹೊಡೆಸಿ, ಹೊಸ ಚಾಪೆ ತಂದಿಟ್ಟಿದ್ದಳು. ಗಂಡ ಒಮ್ಮೆ, "ನಿಮ್ಮಮ್ಮ ಎರಡು ಬೀದಿ ಆಚೆ ಒಬ್ಬಳೇ ದನ ಕಟ್ಟಿಕೊಂಡಿದ್ದಾಳಲ್ಲ, ಅವಳನ್ನ ಒಂದು ಮಾತು ಕೇಳಬಾರದಾ?" ಎಂದಾಗ, "ಅವಳಿಗೆ ದನ ಸಾಕು" ಎಂದು ಮಾತು ಮುರಿದಿದ್ದಳು.

ಅದರ ಹಿಂದೆ ಒಂದು ಕಥೆಯಿತ್ತು. ದೊಡ್ಡಮ್ಮನ ಚೊಚ್ಚಲ ಕೂಸು ಎದೆಹಾಲು ಕುಡಿಯುವಾಗಲೇ ತೀರಿಕೊಂಡಿತ್ತು. ಎದೆ ಕಟ್ಟಿಕೊಂಡು, ಜ್ವರ ಬಂದು, ಅವಳು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳಂತೆ. ತಂಗಿಯ ಮನೆಯಲ್ಲಿ ಮೂರನೆಯದೂ ಹೆಣ್ಣು. ಆ ಮೂರನೆಯದನ್ನು, ಅಂದರೆ ಹಾಲಿನಕ್ಕನನ್ನು, ಎತ್ತಿಕೊಂಡು ಬಂದು ದೊಡ್ಡಮ್ಮನ ಎದೆಗೆ ಹಚ್ಚಿದರು. ಕೂಸು ಅಲ್ಲೇ ಉಳಿಯಿತು, ದೊಡ್ಡಮ್ಮನನ್ನೇ ಅಮ್ಮ ಎಂದು ಕರೆಯುತ್ತ ಬೆಳೆಯಿತು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಂದು ದಿನ ಹೆತ್ತವಳು ಬಂದು ಅವಳನ್ನು ಕರೆದುಕೊಂಡು ಹೋದಳು. "ನನ್ನ ಮಗ ಹುಟ್ಟಿದ ಮೇಲೆ ನಿಮ್ಮಮ್ಮ ಬಂದು ಹಟ ಹಿಡಿದಳು ಮಗಳೇ, ನಾನು ಕಾಲು ಹಿಡಿದರೂ ಬಿಡಲಿಲ್ಲ. ಕೊಟ್ಟಿಗೆ ಕೆಲಸಕ್ಕೆ ಕೈ ಬೇಕಿತ್ತು ಅವಳಿಗೆ" ಎಂದು ದೊಡ್ಡಮ್ಮ ಆಮೇಲೆ ಎಷ್ಟೋ ಸಲ ಹೇಳಿದ್ದಳು. ಹೆತ್ತವಳು ಅದಕ್ಕೆ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಹಾಲಿನಕ್ಕ ಅವಳೊಂದಿಗೆ ಅಂದಿನಿಂದ ಇಂದಿನವರೆಗೆ ಬೇಕಾದಷ್ಟೇ ಮಾತಾಡುತ್ತಿದ್ದಳು. ತಾಯಿ ದಿನಾ ಎರಡು ಹೊತ್ತು ಹಾಲು ತರುತ್ತಾಳೆ, ಇವಳು ಅಳೆಯುತ್ತಾಳೆ. "ಇವತ್ತು ಕಮ್ಮಿ." "ಹೂಂ, ಕಪ್ಪು ಹಸು ಸರಿಯಾಗಿ ತಿಂದಿಲ್ಲ." ಅಷ್ಟೇ.

ಸಿನಿಮಾ ಒಂದು ಯಂತ್ರದ ಹುಡುಗಿಯದು. ಮಕ್ಕಳಿಲ್ಲದ ಗಂಡಹೆಂಡತಿ ಅವಳನ್ನು ಅಂಗಡಿಯಿಂದ ತರುತ್ತಾರೆ. ಅವಳಿಗೆ ನಿದ್ದೆ ಎಂಬುದಿಲ್ಲ; ಅಮ್ಮನಿಗೆ ನಿದ್ದೆ ಬರುವವರೆಗೆ ಮಂಚದ ಪಕ್ಕ ನಿಂತು ಹೊದಿಕೆ ಸರಿಮಾಡುತ್ತಿರುತ್ತಾಳೆ. ಮೊದಮೊದಲು ಹಾಲಿನ ಸಂಘದವರು ಗಲಾಟೆ ಎಬ್ಬಿಸಿದರು. "ಇದಕ್ಕೆ ಊಟ ಇಲ್ಲ, ಬಟ್ಟೆ ಹರಿಯಲ್ಲ, ನಮ್ಮನೆಗೂ ಒಂದು ಇರಲಿ" ಎಂದು ಹಿಂಡಿ ಅಂಗಡಿಯವನು ಕೂಗಿದ. ಇಡೀ ಥಿಯೇಟರು ನಕ್ಕಿತು. ಆಮೇಲೆ ಆ ಮನೆಯಲ್ಲಿ ನಿಜದ ಮಗು ಹುಟ್ಟಿತು. ನಗು ನಿಂತಿತು. ಒಂದು ಬೆಳಿಗ್ಗೆ ಬಾಗಿಲಲ್ಲಿ ಕಂಪನಿಯ ಗಾಡಿ. "ರಿಪೇರಿ ಮಾಡಿಸಿ ವಾಪಸ್ ಕರಕೊಂಡು ಬರ್ತೀವಿ ಪುಟ್ಟಾ" ಎನ್ನುತ್ತಾಳೆ ಪರದೆಯ ಅಮ್ಮ. ಹುಡುಗಿ ತನ್ನ ಲಂಗವನ್ನು ತಾನೇ ಮಡಚಿಕೊಂಡು ಗಾಡಿ ಹತ್ತುತ್ತಾಳೆ. ಬಾಗಿಲು ಮುಚ್ಚಿಹೋದ ಮನೆಯ ಕಡೆಗೆ ಕೈ ಬೀಸುತ್ತಲೇ ಇರುತ್ತಾಳೆ, ಕೈ ತಾನಾಗಿ ನಿಲ್ಲುವವರೆಗೆ.

ಹಿಂಡಿ ಅಂಗಡಿಯವನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ದೊಡ್ಡಮ್ಮ ಮಾತ್ರ ಬಾಯಿ ಬಿಟ್ಟೇ ಅತ್ತಳು. "ಪಾಪಿ! ಹೊಟ್ಟೆ ತುಂಬಿದ ಮೇಲೆ ಇದು ಬೇಡವಾಯ್ತೇನೇ ನಿನಗೆ? ನಿನ್ನ ಕೈ ಸೇದಿಹೋಗ!" ಎಂದು ಪರದೆಗೆ ಶಾಪ ಹಾಕುತ್ತ ಹಾಲಿನಕ್ಕನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಾಲಿನಕ್ಕನ ಕಣ್ಣೂ ಒದ್ದೆಯಾಯಿತು. ಆದರೆ ಅದು ಯಂತ್ರದ ಹುಡುಗಿಗಾಗಿ ಅಲ್ಲ. ಈ ಅಳು ನನ್ನದು, ನನ್ನನ್ನು ಕಳೆದುಕೊಂಡದ್ದಕ್ಕೆ ಇವಳು ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ಅಳು ಎಂದುಕೊಂಡಳು. ಎದೆಗೆ ಬೆಚ್ಚಗಾಯಿತು. ಹಿಡಿದ ಕೈಯನ್ನು ತಾನೂ ಅದುಮಿದಳು.

ಹೊರಗೆ ಟೀ ಅಂಗಡಿಯ ಮುಂದೆ ಎಲ್ಲರೂ ಗುಂಪಾಗಿ ನಿಂತರು. ಬಿಸಿಲಿಗೆ ಕಣ್ಣು ಕಿರಿದಾಗಿತ್ತು. ಅತ್ತದ್ದಕ್ಕೆ ನಾಚಿಕೆಯೂ ಆಗಿತ್ತು. ಅದನ್ನು ಮರೆಸಲು ಮಾತು ಜೋರಾಯಿತು.

"ಕೈ ಬೀಸಿ ಬೀಸಿ ಬ್ಯಾಟರಿ ಖಾಲಿ ಮಾಡ್ಕೊಂಡಳು. ಸುಮ್ಮನೆ ಕೂತಿದ್ದರೆ ಇನ್ನೊಂದು ವಾರ ಬರ್ತಿತ್ತು" ಎಂದ ಊರಿನ ವೈರ್‌ಮನ್.

"ನಿನ್ನ ಹೆಂಡತಿ ನಿನ್ನನ್ನ ಕಳಿಸಿದಾಗ ನೀನೂ ಸುಮ್ಮನೆ ಕೂತ್ಕೋ" ಎಂದ ಹಿಂಡಿ ಅಂಗಡಿಯವನು.

"ನಾನು ಸತ್ಯ ಹೇಳಿದರೆ ನಿನಗ್ಯಾಕೆ ಉರಿ? ಟವೆಲ್ ಹಿಂಡು ಮೊದಲು, ನೀರು ಸೋರ್ತಿದೆ."

ಎಲ್ಲರೂ ನಕ್ಕರು. ಹಾಲಿನಕ್ಕನ ಗಂಡ ಟೀ ಹಂಚುತ್ತ, "ಆದರೂ ಒಂದೇ ಸಲ ಹಾಗೆ ಗಾಡಿ ಹತ್ತಿಸಿ ಕಳಿಸೋದಾ? ಮನುಷ್ಯರಾ ಅವರು?" ಎಂದ.

ದೊಡ್ಡಮ್ಮ ಕಣ್ಣೊರೆಸಿಕೊಂಡು ಟೀ ಹೀರಿದಳು. ಅತ್ತು ಹಗುರಾಗಿದ್ದಳು, ಎಲ್ಲರೂ ತನ್ನ ಕಡೆ ನೋಡುತ್ತಿದ್ದುದು ಹಿತವಾಗಿತ್ತು. "ಕಳಿಸೋದಕ್ಕೂ ಒಂದು ಕ್ರಮ ಇರತ್ತೆ ಕಣಪ್ಪ" ಎಂದಳು. "ಅವಳಿಗೆ ಅದು ಗೊತ್ತಿಲ್ಲ. ಕರು ಸತ್ತ ಹಸುವಿಗೆ ನಾವು ಹುಲ್ಲಿನ ಕರು ಮಾಡಿ ಇಡಲ್ವಾ?"

ಅಲ್ಲಿದ್ದವರಿಗೆಲ್ಲ ಗೊತ್ತಿದ್ದ ಕೆಲಸ ಅದು. ಸತ್ತ ಕರುವಿನ ಚರ್ಮ ಒಣಗಿಸಿ, ಒಳಗೆ ಹುಲ್ಲು ತುಂಬಿ ಹೊಲಿದು ಹಸುವಿನ ಮುಂದಿಟ್ಟರೆ, ಹಸು ಅದನ್ನು ನೆಕ್ಕುತ್ತ ಹಾಲು ಬಿಡುತ್ತದೆ. ಅದರಲ್ಲಿ ದೊಡ್ಡಮ್ಮನದು ಎತ್ತಿದ ಕೈ. ಸುತ್ತಲ ಊರಿನವರು ಅವಳನ್ನೇ ಕರೆಯುತ್ತಿದ್ದರು.

"ಅದನ್ನ ಒಂದೇ ಸಲ ಎತ್ತಿಬಿಟ್ಟರೆ ಹಸು ಕೂಗಿ ಕೂಗಿ ರಂಪ ಮಾಡತ್ತೆ. ದಿನಾ ಒಂದಿಷ್ಟು ದೂರ ಸರಿಸಬೇಕು. ಇವತ್ತು ಮೂತಿ ಹತ್ರ, ನಾಳೆ ಗೂಟದ ಹತ್ರ, ಆಮೇಲೆ ಬಾಗಿಲ ಹತ್ರ. ಕೊನೆಗೆ ಹೋಗಿದ್ದೇ ಗೊತ್ತಾಗಬಾರದು. ಮಕ್ಕಳೂ ಅಷ್ಟೇ. ಇವಳನ್ನ ಕಳಿಸಲಿಲ್ವಾ ನಾನು? ಮಗ ಹೊಟ್ಟೆಯಲ್ಲಿದ್ದಾಗಲೇ ಇವಳ ಹಾಸಿಗೆ ನನ್ನ ಪಕ್ಕದಿಂದ ತೆಗೆದೆ. ಮೊದಲು ಕಾಲ ಹತ್ರ, ಆಮೇಲೆ ಪಡಸಾಲೆ, ಆಮೇಲೆ ಅಜ್ಜಿ ಜೊತೆ. ನನಗೂ ಕಷ್ಟ ಆಗಲಿಲ್ಲ, ಇವಳಿಗೂ ಗೊತ್ತಾಗಲಿಲ್ಲ. ನೋಡಿ, ಇವತ್ತಿಗೂ ನಾನಂದ್ರೆ ಪ್ರಾಣ ಬಿಡ್ತಾಳೆ."

ಹೇಳಿ, ಹೆಮ್ಮೆಯಿಂದ ಹಾಲಿನಕ್ಕನ ಬೆನ್ನು ಸವರಿದಳು.

ವೈರ್‌ಮನ್ ಖಾಲಿ ಲೋಟದೊಳಗೆ ಇಣುಕಿದ. ಹಾಲಿನಕ್ಕನಿಗೆ ಮೊದಲು ನೆನಪಾದದ್ದು ಪಡಸಾಲೆಯ ತಣ್ಣನೆಯ ನೆಲ. "ನೀನೀಗ ದೊಡ್ಡ ಹುಡುಗಿ ಅಲ್ವಾ?" ಎಂದು ದೊಡ್ಡಮ್ಮ ಕೆನ್ನೆ ಹಿಂಡಿದ್ದಳು. ತಾನು ದೊಡ್ಡವಳಾದೆನೆಂದು ಓಣಿಯ ಮಕ್ಕಳಿಗೆಲ್ಲ ಹೇಳಿಕೊಂಡು ಬಂದಿದ್ದಳು ಹಾಲಿನಕ್ಕ.

"ನಮ್ಮಮ್ಮ ಬಂದು ಕೇಳಿದ್ದು ಯಾವಾಗ?" ಎಂದಳು. ದನಿ ಅವಳಿಗೇ ಗುರುತು ಸಿಗಲಿಲ್ಲ.

"ಅದೂ... ಆಗಲೇ ಕಣೇ. ಅವಳು ಕೇಳಿದ್ದಕ್ಕೇ ನಾನು..."

"ತಮ್ಮ ಹುಟ್ಟಿದ ಮೇಲೆ ಬಂದು ಹಟ ಮಾಡಿದಳು ಅಂದಿದ್ದೆ. ಹಾಸಿಗೆ ತೆಗೆದದ್ದು ಹುಟ್ಟೋಕೆ ಮುಂಚೆ ಅಂತೀಯ."

"ಹಳೇದೆಲ್ಲ ಈಗ ಯಾಕೆ ಮಗಳೇ? ನಾಲ್ಕು ಜನರ ಮುಂದೆ..." ದೊಡ್ಡಮ್ಮ ಸೆರಗು ಎಳೆದುಕೊಂಡಳು. "ಹೊತ್ತಾಯ್ತು, ಹಾಲಿನ ಹೊತ್ತಾಯ್ತು. ಗಾಡಿ ತೆಗಿಯಪ್ಪ."

ದಾರಿಯುದ್ದಕ್ಕೂ ಹಾಲಿನಕ್ಕ ಹಿಂದೆ ಗೋಣಿಚೀಲದ ಮೇಲೆ ಎಲ್ಲರ ನಡುವೆ ಕೂತಿದ್ದಳು. ಯಾರೂ ಅವಳ ಮುಖ ನೋಡಲಿಲ್ಲ. ಒಬ್ಬೊಬ್ಬರೇ ತಮ್ಮ ತಮ್ಮ ಬಾಗಿಲಲ್ಲಿ ಇಳಿದುಕೊಂಡರು. ತಾಯಿಯ ಓಣಿ ಬಂದಾಗ ಅವಳು ತಗಡು ಬಡಿದು ಗಾಡಿ ನಿಲ್ಲಿಸಿದಳು.

ತಾಯಿ ಕೊಟ್ಟಿಗೆಯಲ್ಲಿ ಕಪ್ಪು ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯುತ್ತಿದ್ದಳು. ಮಗಳು ಬಾಗಿಲಲ್ಲಿ ನಿಂತದ್ದು ಕಂಡು ಆಶ್ಚರ್ಯವಾದರೂ ಕೈ ನಿಲ್ಲಿಸಲಿಲ್ಲ. "ಏನು, ಪಿಕ್ಚರ್ ಆಯ್ತಾ? ಎಲ್ಲಾ ಅಳ್ತಾರಂತಲ್ಲ ಅದಕ್ಕೆ."

"ನನ್ನನ್ನ ನೀನು ಕೇಳಿ ಕರಕೊಂಡು ಬಂದೆಯಾ, ಅವಳೇ ಕಳಿಸಿದಳಾ?"

ಕೈ ನಿಂತಿತು. "ಯಾರು ಹೇಳಿದರು?"

"ಅವಳೇ."

"ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ದಳು, ಸಾಯೋವರೆಗೂ ಹೇಳಬೇಡ ಅಂತ." ತಾಯಿ ತಂಬಿಗೆಯನ್ನು ಪಕ್ಕಕ್ಕಿಟ್ಟು ಮೆಲ್ಲಗೆ ಎದ್ದಳು. "ಎಲ್ಲಿ ಹೇಳಿದಳು?"

"ಟೀ ಅಂಗಡಿ ಮುಂದೆ. ಎಲ್ಲರೂ ಇದ್ದರು."

"ಟೀ ಅಂಗಡಿ ಮುಂದೆ" ಎಂದು ತಾಯಿ ಅದನ್ನೇ ಅಂದಳು. ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇಷ್ಟು ವರ್ಷದಲ್ಲಿ ಮಗಳು ಅವಳಿಗೆ ಸಿಟ್ಟು ಬಂದದ್ದನ್ನು ನೋಡಿದ್ದು ಅದೇ ಮೊದಲು. "ನಾನು ಕಲ್ಲಾಗಿ ಕೂತಿದ್ದೆ. ಅವಳಿಗೆ ಅದು ಟೀ ಜೊತೆಗೆ ಆಡೋ ಮಾತಾಯ್ತು."

"ಆಣೆಗೆ ಬೆಂಕಿ ಬೀಳಲಿ. ನನಗೆ ಯಾಕೆ ಹೇಳಲಿಲ್ಲ ನೀನು?"

"ಬಂದ ಹೊಸದರಲ್ಲಿ ನೀನು ಹೊಸ್ತಿಲು ಬಿಟ್ಟು ಏಳ್ತಿರಲಿಲ್ಲ. ಅವಳು ಕರೆಯೋಕೆ ಬರ್ತಾಳೆ ಅಂತ. ಅನ್ನ ಮುಟ್ತಿರಲಿಲ್ಲ. ಒಂದು ದಿನ ನನ್ನ ಮೇಲೆ ಹಾರಾಡಿ, ಕೆಟ್ಟೋಳು, ಕಳ್ಳಿ ಅಂತೆಲ್ಲ ಬೈದೆ. ಬೈದ ಮೇಲೆ ತಟ್ಟೆ ತುಂಬ ಉಂಡೆ. ನನ್ನ ಬೈದರೆ ನಿನಗೆ ಹಸಿವಾಗತ್ತೆ ಅಂತ ಗೊತ್ತಾಯ್ತು. ಬೈಯಲಿ ಅಂತ ಬಿಟ್ಟೆ."

"ಚಿಕ್ಕವಳಿದ್ದಾಗ ಸರಿ. ಆಮೇಲೆ? ನನಗೆ ಮದುವೆಯಾಯ್ತು, ಮಕ್ಕಳಾದವು..."

"ಆಮೇಲೆ ಅವಳೂ ಇಲ್ಲ ಅಂದ್ರೆ ನಿನಗೆ ಇನ್ಯಾರಿದ್ದರು? ನನ್ನ ಹತ್ರ ಅಂತೂ ನೀನು ಬರ್ತಿರಲಿಲ್ಲ."

"ಮೊದಲು ಕೊಟ್ಟವಳು ನೀನು."

"ಹೌದು" ಎಂದಳು ತಾಯಿ. ಕಾರಣ ಹೇಳಲಿಲ್ಲ. ಅತ್ತೆ, ಗಂಡ, ಬಡತನ, ಯಾವುದನ್ನೂ ಮುಂದೆ ತರಲಿಲ್ಲ. ಅದು ಹಾಲಿನಕ್ಕನಿಗೆ ಇನ್ನಷ್ಟು ಉರಿ ಎಬ್ಬಿಸಿತು. ಬೈದು ಹಗುರಾಗಲು ಒಂದು ಸುಳ್ಳಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು.

ಹೊರಗೆ ವ್ಯಾನಿನ ಹಾರ್ನು ಕೇಳಿಸಿತು. ಅವಳು ಹೋಗಿ ನಿಂತಳು. ಗಂಡ ತಲೆ ಹೊರಗೆ ಹಾಕಿ, "ದೊಡ್ಡಮ್ಮ ನಮ್ಮನೆಗೇ ಬರ್ತಾರಂತೆ ಇವತ್ತೇ. ಏನು ಮಾಡಲಿ?" ಎಂದ. ಪಕ್ಕದಲ್ಲಿ ದೊಡ್ಡಮ್ಮ ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು. ಕಣ್ಣು ಇನ್ನೂ ಕೆಂಪಗಿತ್ತು. ಸಿನಿಮಾಕ್ಕೆ ಅತ್ತ ಕೆಂಪೋ, ಈಗಿನದೋ, ಹೇಳಲಾಗುತ್ತಿರಲಿಲ್ಲ.

"ಅವರ ಮಗನ ಮನೆಗೆ ಬಿಡಿ."

"ಇವತ್ತು ಬೇಡ ಅಂದರೆ ಮುಂದಿನ ವಾರ ಬರ್ತೀಯಲ್ಲ ಮಗಳೇ, ಕರೆಯೋಕೆ?" ಎಂದಳು ದೊಡ್ಡಮ್ಮ. "ಕೋಣೆಗೆ ಸುಣ್ಣ ಬೇರೆ ಹೊಡೆಸಿದ್ದೀಯ..."

ಬರುತ್ತೇನೆ ಎಂದುಬಿಡುವುದು ಸುಲಭವಿತ್ತು. ಮುದುಕಿ ನೆಮ್ಮದಿಯಿಂದ ಹೋಗುತ್ತಿದ್ದಳು, ವಾರವಿಡೀ ಬಾಗಿಲು ನೋಡುತ್ತಿದ್ದಳು. ಹಾಲಿನಕ್ಕ ಗಾಡಿಯ ಕಿಟಕಿ ಹಿಡಿದುಕೊಂಡಳು.

"ಬರಲ್ಲ ದೊಡ್ಡಮ್ಮ. ಮುಂದಿನ ವಾರಾನೂ ಬರಲ್ಲ, ಯಾವತ್ತೂ ಕರೆಯಲ್ಲ. ಕಾಯಬೇಡ."

ಗಂಡ ಏನೋ ಹೇಳಹೊರಟವನು ಹೆಂಡತಿಯ ಮುಖ ನೋಡಿ ಗೇರು ಹಾಕಿದ.

ಅವಳು ತಿರುಗಿ ಬಂದಾಗ ತಾಯಿ ಹಾಲು ಸೋಸುತ್ತಿದ್ದಳು. ಸಂಘದಲ್ಲಿ ಜನ ಆಗಲೇ ಸಾಲು ನಿಂತಿರುತ್ತಾರೆಂದು ಇಬ್ಬರಿಗೂ ಗೊತ್ತಿತ್ತು.

"ಊಟ ಮಾಡಿದ್ದೀಯಾ?" ಎಂದಳು ತಾಯಿ, ಬಟ್ಟೆ ಹಿಂಡುತ್ತ.

"ಇಲ್ಲ."

"ಅನ್ನ ಇದೆ."

"ಬಡಿಸು" ಎಂದಳು ಹಾಲಿನಕ್ಕ. "ನಿನ್ನ ಬೈಯೋದು ಇನ್ನೂ ಬಾಕಿ ಇದೆ ನನಗೆ."