ನಾನು ಸೇರಿಸಿದ ಹದಿನೈದು ನಿಮಿಷ

ನಮ್ಮ ಪುಟ್ಟ ವಿಮಾನ ನಿಲ್ದಾಣದಿಂದ ಪಕ್ಕದ ಪುಟ್ಟ ವಿಮಾನ ನಿಲ್ದಾಣಕ್ಕೆ ಇನ್ನೂರ ಹತ್ತು ಕಿಲೋಮೀಟರು, ಐವತ್ತು ನಿಮಿಷ. ಹಾಗಂತ ಎರಡೂ ಕಡೆಯ ಬೋರ್ಡಿನ ಮೇಲೆ ಬರೆಸಿದವನು ನಾನೇ. ನಿಜ ಹೇಳಿಬಿಡುತ್ತೇನೆ, ಪ್ರಯಾಣ ಬರೀ ಮೂವತ್ತೈದು ನಿಮಿಷದ್ದು. ಉಳಿದ ಹದಿನೈದನ್ನು ನಾನೇ ಕೈಯಾರೆ ಸೇರಿಸಿದ್ದೆ. ತಡವಾಯಿತೆಂದು ಬೈಸಿಕೊಳ್ಳುವುದು ನನಗೆ ಆಗಿಬರುವುದಿಲ್ಲ! ಆರು ವರ್ಷದಲ್ಲಿ ನಮ್ಮ ವಿಮಾನ ಒಂದು ದಿನವೂ ತಡವಾಗಲಿಲ್ಲ, ದೊಡ್ಡ ಸಾಹೇಬರು ಬೆನ್ನು ತಟ್ಟಿದರು, ಕೊನೆಗೆ ಆ ಐವತ್ತು ನಿಜವೆಂದು ನಾನೇ ನಂಬಿಬಿಟ್ಟೆ.

ನಮ್ಮ ಹವಾಮಾನ ಕಚೇರಿಯಲ್ಲಿ ಒಬ್ಬಳಿದ್ದಳು. ದಿನಾ ಬೆಳಿಗ್ಗೆ ತಾರಸಿ ಹತ್ತಿ ಗಾಳಿ ಅಳೆಯುವವಳು. ನಾನು ಅವಳನ್ನು ಗಾಳಿ ಮೇಡಂ ಎನ್ನುತ್ತಿದ್ದೆ, ಅವಳು ನನ್ನನ್ನು ಟೈಂಟೇಬಲ್ ಎನ್ನುತ್ತಿದ್ದಳು. ಅವಳಿಗೆ ಆ ಇನ್ನೊಂದು ನಿಲ್ದಾಣಕ್ಕೆ ವರ್ಗವಾಯಿತು. ಅಯ್ಯೋ, ನನ್ನ ಜೀವವೇ ಬಾಯಿಗೆ ಬಂತು! ಆರು ವರ್ಷ ಒಟ್ಟಿಗೆ ಚಹಾ ಕುಡಿದಿದ್ದೆ, ಕೇಳಬೇಕಾದ್ದನ್ನು ಮಾತ್ರ ಕೇಳಿರಲಿಲ್ಲ.

"ಅವಳ ಜೊತೆ ವಿಮಾನ ಹತ್ತು. ಕೇಳದೆ ವಾಪಸ್ ಬಂದ್ಯೋ, ನಾನು ಬಾಗಿಲು ತೆಗೆಯಲ್ಲ ನೋಡು," ಎಂದಳು ಅಕ್ಕ.

ರಜೆ ಹಾಕಿ ಅವಳ ಪಕ್ಕದ ಸೀಟಿನಲ್ಲೇ ಕೂತೆ. ಲೆಕ್ಕ ಮೊದಲೇ ಹಾಕಿಕೊಂಡಿದ್ದೆ: ಮೊದಲ ಮೂವತ್ತು ನಿಮಿಷ ಹರಟೆ, ಆಮೇಲೆ ಐದು ನಿಮಿಷ ಹೊಗಳಿಕೆ, ಆಮೇಲೆ ಪ್ರಶ್ನೆ, ಯೋಚಿಸಲು ಅವಳಿಗೆ ಹದಿನೈದು. ಎಂಥಾ ಜಾಣ ನಾನು!

ವಿಮಾನ ಮೇಲೇರಿತು. ಇಂಜಿನ್ನಿನ ಗದ್ದಲದಲ್ಲಿ ಕಿರುಚಿ ಕಿರುಚಿ ತಾರಸಿಯ ಪಾರಿವಾಳಗಳ ಬಗ್ಗೆ, ಸಾಹೇಬರ ಗೊರಕೆಯ ಬಗ್ಗೆ ಮಾತಾಡಿ ನಕ್ಕೂ ನಕ್ಕೂ ಸುಸ್ತಾದೆವು. ಇನ್ನೇನು ಹೊಗಳಬೇಕು ಎನ್ನುವಷ್ಟರಲ್ಲಿ ಚಕ್ರ ಧಡ್ಡೆಂದು ನೆಲಕ್ಕೆ ತಾಗಿತು.

"ಇದೇನಿದು!"

"ಬಂತಲ್ಲ ಊರು."

"ಇನ್ನೂ ಇಪ್ಪತ್ತು ನಿಮಿಷ ಇರ್ಬೇಕಿತ್ತು!"

"ಹಿಂದಿನಿಂದ ಒಳ್ಳೇ ಗಾಳಿ ಕಣ್ರೀ. ಬೆಳಿಗ್ಗೆ ಅಳೆದಿದ್ದು ನಾನೇ ಅಲ್ವಾ?"

ಮಾಡಿದ್ದುಣ್ಣೋ ಮಹಾರಾಯ! ಊರಿಗೆಲ್ಲ ಹೇಳಿದ ಸುಳ್ಳಿಗೆ ನಾನೇ ಬಲಿಬಿದ್ದಿದ್ದೆ. ವಿಮಾನ ತೆವಳುತ್ತಾ ಹೋಗಿ ನಿಂತಿತು. ಅವಳು ಬೆಲ್ಟ್ ಬಿಚ್ಚಿ, ಚೀಲ ಹೆಗಲಿಗೇರಿಸಿ ಎದ್ದಳು. ನನಗೆ ಅಳುವೇ ಬಂತು.

ಆದರೆ ಬಾಗಿಲು ತೆರೆಯಲಿಲ್ಲ. ಪೈಲಟ್ ಇಣುಕಿ ಹೇಳಿದರು, "ಏಣಿ ಗಾಡಿ ಬಂದಿಲ್ಲ. ಆ ಮನುಷ್ಯ ಬೋರ್ಡ್ ನೋಡ್ಕೊಂಡೇ ಬರೋದು. ಹದಿನೈದು ನಿಮಿಷ ಕೂತಿರಿ."

"ಆ ಬೋರ್ಡ್ ಬರೆದ ಪುಣ್ಯಾತ್ಮ ಯಾರಪ್ಪಾ?" ಎಂದು ಹಿಂದಿನ ಸೀಟಿನ ಅಜ್ಜಿ ಗೊಣಗಿದರು.

ನಾನೇ ಅಜ್ಜಿ, ನಾನೇ! ಎದ್ದು ಕುಣಿಯುವಂತಾಯಿತು. ಅವಳು ಮತ್ತೆ ಕೂತಳು. ಇಂಜಿನ್ ನಿಂತದ್ದನ್ನು ಮರೆತು ನಾನು ಅದೇ ಗಂಟಲಿನಲ್ಲಿ ಕಿರುಚಿದೆ, "ನನ್ನನ್ನ ಮದುವೆ ಆಗ್ತೀರಾ?"

ಇಡೀ ವಿಮಾನ ತಿರುಗಿ ನೋಡಿತು. ಪೈಲಟ್ ಕೂಡ.

ಅವಳ ಮುಖ ಕೆಂಪಾಯಿತು. "ಒಂದು ದಿನವೂ ತಡ ಇಲ್ಲ ಅಂತ ಮೆರೀತಿದ್ರಲ್ಲ," ಎಂದಳು. "ಇದಕ್ಕೆ ಮಾತ್ರ ಆರು ವರ್ಷ ತಡ!"

"ಆಗ್ತೀಯೋ ಇಲ್ವೋ ಹೇಳಮ್ಮಾ, ನಂಗೆ ಇಳೀಬೇಕು," ಎಂದರು ಅಜ್ಜಿ.

"ಆಗ್ತೀನಿ ಅಜ್ಜಿ. ಬೇಡ ಅನ್ನೋಕೆ ಇಷ್ಟು ವರ್ಷ ಕಾದ್ನಾ?"

ಸರಿಯಾಗಿ ಐವತ್ತನೇ ನಿಮಿಷಕ್ಕೆ ಏಣಿ ಬಂತು. ಎಲ್ಲರೂ ಇಳಿದರು. ಇಳಿಯಬೇಕೆಂದು ನಮ್ಮಿಬ್ಬರಿಗೆ ನೆನಪಾಗಲೇ ಇಲ್ಲ.