ಕೆಂಚನ ಮೇಲೆ ಹೊರಿಸಿದ ತಪ್ಪು

ಅಗ್ರಹಾರದ ದಾಕ್ಷಾಯಣಮ್ಮನ ಮನೆಯ ಚುಕ್ಕಿ ಮೂರು ಬಣ್ಣದ ಹೆಣ್ಣುಬೆಕ್ಕು. ಹಾಕಿದಾಗಲೆಲ್ಲ ಅದು ಕೆಂಪು ಗಂಡುಮರಿಗಳನ್ನೇ ಹಾಕುತ್ತಿತ್ತು. ಪಕ್ಕದ ಮನೆಯಲ್ಲಿ ಮುತ್ತುಗದ ಊಟದೆಲೆ ಹಚ್ಚಿ ಮಾರುತ್ತಿದ್ದ ಬೀರಮ್ಮನ ಗಂಡುಬೆಕ್ಕು ಕೆಂಚನೂ ಕೆಂಪು. ಅವನೇ ಅಪ್ಪ ಎನ್ನಲು ಇನ್ನು ಸಾಕ್ಷಿ ಬೇಕೆ? ದೇವರ ಮನೆಯಲ್ಲಿ, ಅಕ್ಕಿಮೂಟೆಯ ಹಿಂದೆ, ಎಲ್ಲೆಂದರಲ್ಲಿ ಮರಿಗಳ ಗಲೀಜು ಬಳಿದು ಬಳಿದು ದಾಕ್ಷಾಯಣಮ್ಮ ರೋಸಿಹೋಗಿದ್ದಳು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ಬೀರಮ್ಮ ಎಲೆ ಮಾರಲು ಹೋಗಿದ್ದಾಗ, ಹಾಲು ತೋರಿಸಿ ಕೆಂಚನನ್ನು ಗೋಣಿಚೀಲಕ್ಕೆ ತುಂಬಿದಳು. ಜಟಕಾ ಹತ್ತಿ ಲಷ್ಕರ್ ಮೊಹಲ್ಲಾದ ಮಾಂಸದಂಗಡಿಗಳ ಹಿಂದೆ ಬಿಟ್ಟು ಬಂದಳು. ದಾರಿಯುದ್ದಕ್ಕೂ ಅವನು ಕೂಗುತ್ತಲೇ ಇದ್ದ. ಅಲ್ಲಿ ಹೊಟ್ಟೆಗೇನೂ ಕೊರತೆಯಾಗದು ಎಂದು ತನಗೆ ತಾನೇ ಹೇಳಿಕೊಂಡಳು.

ಯುಗಾದಿಯ ಹೊತ್ತಿಗೆ ಚುಕ್ಕಿ ಮತ್ತೆ ಮರಿ ಹಾಕಿತು. ಎರಡು ಗಂಡು. ಎರಡೂ ಕೆಂಪು.

ಹಬ್ಬದೂಟಕ್ಕೆ ಬಂದಿದ್ದ ಅಣ್ಣನ ಮಗ ಅಶ್ವತ್ಥ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ.

"ಕೆಂಚ ಹೋಗಿ ಎಷ್ಟು ಕಾಲವಾಯ್ತು! ಇವಕ್ಕೆ ಈ ಬಣ್ಣ ಎಲ್ಲಿಂದ ಬಂತೋ?" ಎಂದಳು ದಾಕ್ಷಾಯಣಮ್ಮ.

"ಚುಕ್ಕಿಯಿಂದಲೇ ಅತ್ತೆ. ಅವಳ ಮೈಮೇಲೂ ಕೆಂಪಿದೆಯಲ್ಲ. ಗಂಡುಮರಿಗೆ ಕೆಂಪನ್ನ ಕೊಡೋದು ತಾಯಿ ಒಬ್ಬಳೇ. ಅಪ್ಪ ಕರಿಯನಾದ್ರೂ ಮರಿ ಕೆಂಪಾಗಬಹುದು."

"ಹಾಗಾದ್ರೆ ಮುಂಚಿನ ಮರಿಗಳು?"

"ಅವೂ ಅಷ್ಟೇ. ಬಣ್ಣ ನೋಡಿ ಕೆಂಚನೇ ಅಪ್ಪ ಅನ್ನೋಕಾಗಲ್ಲ."

ದಾಕ್ಷಾಯಣಮ್ಮ ತನ್ನ ಎಲೆಯ ಒಬ್ಬಟ್ಟನ್ನು ಬದಿಗೆ ಸರಿಸಿದಳು.

ಮರಿಗಳು ಹಾಲು ಬಿಟ್ಟ ಮೇಲೆ, ಚೆನ್ನಾಗಿದ್ದ ಒಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಬೀರಮ್ಮನ ಮನೆಗೆ ಹೋದಳು. ಬಾಗಿಲ ಪಕ್ಕದಲ್ಲಿ ಈಗಲೂ ಕೆಂಚನಿಗೆಂದು ಒಂದು ಬಟ್ಟಲು ಹಾಲಿತ್ತು.

"ಬ್ಯಾಡಿ ಕಣಕ್ಕಾ," ಎಂದಳು ಬೀರಮ್ಮ. "ನಮ್ಮ ಕೆಂಚ ಬಂದ್ಬುಟ್ರೆ? ಇನ್ನೊಂದನ್ನ ಕಂಡ್ರೆ ಮುನಿಸ್ಕತಾನೆ."

ದಾಕ್ಷಾಯಣಮ್ಮ ಹಾಲಿನ ಬಟ್ಟಲನ್ನೇ ನೋಡಿದಳು. "ಅವನು ಬರಲ್ಲ ಬೀರಮ್ಮಾ. ನಾನೇ ಚೀಲಕ್ಕೆ ತುಂಬಿ ಲಷ್ಕರಿನಲ್ಲಿ ಬಿಟ್ಟು ಬಂದೆ. ಅವನದೇನೂ ತಪ್ಪಿರಲಿಲ್ಲ."

ಬೀರಮ್ಮ ಬೈಯಲಿಲ್ಲ. ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು.

"ಚೀಲದಲ್ಲಿ ಕೂಗ್ಕಂಡ್ನಾ?"

"ಇಲ್ಲ ಕಣಮ್ಮ. ಸುಮ್ನೆ ಮಲಗಿದ್ದ."

ಮರಿಯನ್ನು ಚುಕ್ಕಿಯ ಬಳಿ ಬಿಟ್ಟು ಇಬ್ಬರೂ ಲಷ್ಕರಿಗೆ ನಡೆದರು. ಬೀರಮ್ಮ ಅಂಗಡಿ ಅಂಗಡಿಯ ಹಿಂದೆ ನಿಂತು "ಕೆಂಚಾ, ಕೆಂಚಾ" ಎಂದು ಗಂಟಲು ಕಟ್ಟುವವರೆಗೂ ಕರೆದಳು. ದಾಕ್ಷಾಯಣಮ್ಮನಿಗೆ ಆ ಹೆಸರು ಬಾಯಿಗೇ ಬರಲಿಲ್ಲ. ಕೆಂಚ ಸಿಗಲಿಲ್ಲ.

ಆಮೇಲೂ ಬೀರಮ್ಮ ಹಬ್ಬ ಹುಣ್ಣಿಮೆಗೆ ಎಲೆ ತಂದುಕೊಡುತ್ತಿದ್ದಳು. ಆದರೆ ಮುಂಚಿನಂತೆ ಒಳಗೆ ಬಂದು ಕೂರುತ್ತಿರಲಿಲ್ಲ. ಹೊಸ್ತಿಲಾಚೆಯಿಂದಲೇ "ತಕ್ಕಳಿ ಅಮ್ಮಾವ್ರೆ" ಎಂದು ಕಟ್ಟನ್ನು ಇಳಿಸಿ ಹೋಗುತ್ತಿದ್ದಳು.