ಧಾರೆಗೆ ಗೂಡಿನ ಹಾರ

ನನ್ನ ತಂಗಿ ಮಂಜುಶ್ರೀಯ ಮದುವೆಯ ಬೆಳಿಗ್ಗೆ, ಮದ್ದೂರಿನ ಕಲ್ಯಾಣ ಮಂಟಪದಲ್ಲಿ ನಾನು ತಿಂಡಿಗೆ ಕೂತಿದ್ದೆ. ಕೇಸರಿಬಾತಿನ ಬಕೆಟ್ಟು ನನ್ನಿಂದ ಮೂರೆಲೆ ದೂರದಲ್ಲಿತ್ತು. ಅಷ್ಟರಲ್ಲಿ ನನ್ನ ಹೆಂಡತಿ ವೀಣ ಬಂದು ಎದುರಿಗೆ ನಿಂತಳು. ಮುಖಕ್ಕೆ ಪೌಡರ್ ಬಳಿದಿದ್ದಳೋ, ರಕ್ತವೇ ಇಳಿದುಹೋಗಿತ್ತೋ ಗೊತ್ತಾಗಲಿಲ್ಲ.

"ರೀ, ಸ್ವಲ್ಪ ಬನ್ನಿ."

"ಕೇಸರಿಬಾತ್ ಬರ್ತಾ ಐತೆ ಕಣೆ..."

"ರೀ. ಬನ್ನಿ ಅಂದೆ."

ಎದ್ದೆ. ವಧುವಿನ ಕೋಣೆಯ ಪಕ್ಕ ತೆಂಗಿನಕಾಯಿ ಮೂಟೆ, ಎಲೆಕಟ್ಟು ಪೇರಿಸಿಟ್ಟ ಉಗ್ರಾಣಕ್ಕೆ ನನ್ನನ್ನು ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ತನ್ನ ಕೆಲಸದ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ನನ್ನ ಮೂಗಿನ ಕೆಳಗೆ ಹಿಡಿದಳು. ಹಾರ ಮಾಡಿ ಮಿಕ್ಕಿದ್ದ ರೇಷ್ಮೆ ಗೂಡುಗಳು ಅದರಲ್ಲಿದ್ದವು. ಅವುಗಳ ಮೇಲೆ ಒಂದು ಬಿಳೀ ಚಿಟ್ಟೆ, ಒದ್ದೆ ಕಾಗದ ಮುದುರಿದಂಥ ರೆಕ್ಕೆ ಅಲ್ಲಾಡಿಸುತ್ತಾ ಕೂತಿತ್ತು. ಪಕ್ಕದ ಗೂಡೊಂದರ ತುದಿ ಯಾರೋ ಕಾಫಿ ಉಗುಳಿದ ಹಾಗೆ ಕಂದಾಗಿ ನೆನೆದಿತ್ತು.

"ಇದೆಲ್ಲಿಂದ ಬಂತೆ?"

"ಗೂಡಿಂದ. ಇನ್ನೆಲ್ಲಿಂದ ಬತ್ತದೆ, ಹೆರಿಗೆ ಆಸ್ಪತ್ರೆಯಿಂದಲಾ?"

ಕೇಸರಿಬಾತಿನ ಆಸೆ ಅಲ್ಲಿಗೇ ಬಿಟ್ಟೆ. ಯಾಕೆಂದರೆ ಇನ್ನು ಸ್ವಲ್ಪ ಹೊತ್ತಿನಲ್ಲಿ ನನ್ನ ತಂಗಿ, ಅವಳ ಗಂಡನಾಗುವ ಅಪ್ಪು, ಇಬ್ಬರೂ ಇಂಥದ್ದೇ ಗೂಡುಗಳ ಹಾರವನ್ನು ಕೊರಳಿಗೆ ಹಾಕಿಕೊಳ್ಳುವವರಿದ್ದರು.

ವೀಣಳಿಗೆ ಕೈ ಸುಮ್ಮನಿರುವುದಿಲ್ಲ. ಮಂಡ್ಯದ ನಮ್ಮ ಮನೆಯಲ್ಲಿ ಖಾಲಿ ಬಾಟಲಿಗೆ ಬಣ್ಣ ಬಂದಿದೆ, ನ್ಯೂಸ್‌ಪೇಪರು ಬುಟ್ಟಿಯಾಗಿದೆ, ತೆಂಗಿನ ಚಿಪ್ಪು ದೀಪವಾಗಿದೆ. ಇದಕ್ಕೆಲ್ಲ ನನ್ನವ್ವ ಶಿವನಂಜಮ್ಮ ಇಟ್ಟಿರುವ ಹೆಸರು ಒಂದೇ, ಕಸ. "ಬ್ಯಾರೆಯವ್ರ ಮನೇಲಿ ಕಸ ಆಚ್ಗೋಯ್ತದೆ. ನಮ್ಮನೇಲಿ ಕಸ ಬಣ್ಣ ಬಳ್ಕಂಡು ಒಳೀಕ್ ಬತ್ತದೆ" ಅನ್ನುತ್ತಾಳೆ. ಅವ್ವನ ದನಿ ನನಗೆ ಚೆನ್ನಾಗಿ ಬರುತ್ತದೆ. ಆ ದನಿಯಲ್ಲಿ ಇದೇ ಮಾತನ್ನು ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿ, ವೀಣಳ ಕೈಯಲ್ಲಿದ್ದ ಸೌಟು ನೆಲಕ್ಕೆ ಬೀಳಿಸಿದ್ದೂ ಉಂಟು.

ಗೂಡಿನ ಕೆಲಸ ಅವಳಿಗೆ ಹೊಸದೇನಲ್ಲ. ರೇಷ್ಮೆ ಹುಳದ ಮೊಟ್ಟೆ ತಯಾರಿಸುವ ಕೇಂದ್ರದಲ್ಲಿ ಚಿಟ್ಟೆ ಹೊರಟುಹೋದ ಮೇಲೆ ತೂತಾಗಿ ಉಳಿಯುವ ಖಾಲಿ ಗೂಡು ತಂದು, ಆ ತೂತಿನಲ್ಲೇ ದಾರ ಪೋಣಿಸಿ ಹಾರ ಮಾಡುತ್ತಿದ್ದಳು. ಆದರೆ ನಾದಿನಿಯ ಮದುವೆಗೆ ತೂತುಗೂಡು ಆಗುತ್ತದೆಯೇ? ಒಂದು ಕಲೆ ಇರಬಾರದು, ಮೊಟ್ಟೆಯ ಹಾಗೆ ಇಡಿಯಾಗಿರಬೇಕು. ಮಳವಳ್ಳಿ ಹತ್ತಿರ ಹುಳ ಸಾಕುವ ತನ್ನ ತಮ್ಮ ಪುಟ್ಟಸ್ವಾಮಿಗೆ ಹೇಳಿ ಆಗಷ್ಟೇ ಬಿಡಿಸಿದ ಬಿಳೀ ಗೂಡು ತರಿಸಿದಳು. ಒಳಗಿನ ಹುಳ ಸಾಯಲಿ ಅಂತ ಮಾಳಿಗೆ ಮೇಲೆ ಬಿಸಿಲಿಗೆ ಹರವಿದಳು. ಆ ವಾರ ಮಂಡ್ಯದಲ್ಲಿ ಬಿಸಿಲೇ ಇರಲಿಲ್ಲ, ಬರೀ ಮೋಡ. ಒಣಗಿತು ಅಂದುಕೊಂಡು ಎತ್ತಿಟ್ಟಳು. ತೂತಿಲ್ಲದ ಗೂಡಿಗೆ ದಾರ ಹೋಗದು. ಸೂಜಿ ಚುಚ್ಚಿದರೆ ಹೊಳಪು ಕೆಡುತ್ತದೆ. ಹಾಗಾಗಿ ಗ್ಲೂ ಗನ್ನಿನಲ್ಲಿ ಜರಿ ಪಟ್ಟಿಗೆ ಒಂದೊಂದಾಗಿ ಅಂಟಿಸಿದಳು. ದಾರವಿಲ್ಲದ ಹಾರ ಧಾರೆಗೆ ಅಂತ ನಾನು ಊರೆಲ್ಲ ಹೇಳಿಕೊಂಡು ನಕ್ಕಿದ್ದೆ. ಈಗ ಆ ಹಾರ ಹಾರುವುದಕ್ಕೆ ತಯಾರಾಗಿತ್ತು, ನಗು ಬರಲಿಲ್ಲ.

"ಬೇರೆ ಹಾರ ತಂದ್ಬಿಡಣ ಬುಡು," ಅಂದೆ.

"ಅತ್ತೆಗೆ ಏನ್ ಹೇಳ್ಳಿ?"

ಅದೇ ವಿಷಯ. ಹಿಂದಿನ ಸಂಜೆ ಆರತಕ್ಷತೆಯಲ್ಲಿ ಅವ್ವ ಹಾರದ ಡಬ್ಬ ಹಿಡಿದು ಕುರ್ಚಿಯಿಂದ ಕುರ್ಚಿಗೆ ಹೋಗಿದ್ದಳು. "ನಮ್ ಸೊಸೆ ಮಾಡವ್ಳೆ ಕಣವ್ವ. ಒಂದೊಂದ್ ಗೂಡೂ ಕೈಯಲ್ಲೇ." ನಾವು ಮದುವೆಯಾದಾಗಿನಿಂದ 'ನಮ್ ಸೊಸೆ' ಅನ್ನುವುದೂ 'ಮಾಡವ್ಳೆ' ಅನ್ನುವುದೂ ಒಂದೇ ವಾಕ್ಯದಲ್ಲಿ ಅವ್ವನ ಬಾಯಿಂದ ಬಂದದ್ದು ಅದೇ ಮೊದಲು. ವೀಣ ಕಂಬದ ಹಿಂದೆ ನಿಂತು ಕೇಳಿಸಿಕೊಂಡು, ಊಟದ ಹೊತ್ತಿಗೆ ನನಗೆ ನಾಲ್ಕು ಸಾರಿ ಹೇಳಿದ್ದಳು. ಈಗ ಮಂಟಪದಲ್ಲಿ ಚಿಟ್ಟೆ ಎದ್ದು, ಗೂಡು ಬಿಚ್ಚಿಕೊಳ್ಳಲು ಅದು ಉಗುಳುವ ನೀರಿನಿಂದ ಮಂಜುವಿನ ಧಾರೆ ಸೀರೆಗೂ ಅಪ್ಪುವಿನ ಬಿಳೀ ಶಲ್ಯಕ್ಕೂ ಕಂದು ಕಲೆ ಬಿದ್ದರೆ, ಆ ವಾಕ್ಯ ಇನ್ನು ಈ ಜನ್ಮದಲ್ಲಿ ಬರುವುದಿಲ್ಲ. ಮೇಲಿಂದ ಮಾಯಮ್ಮ ಇದ್ದರು. ಅಪ್ಪುವಿನ ಸೋದರತ್ತೆ, ಮಳವಳ್ಳಿಯವರು. ನಿಶ್ಚಿತಾರ್ಥದಲ್ಲಿ ವೀಳ್ಯದೆಲೆ ಬಾಡಿದೆ ಅಂತ ಒಂದು ಗಂಟೆ ಮಾತು ನಿಲ್ಲಿಸಿದವರು. ಧಾರೆಯ ಹೊತ್ತಲ್ಲಿ ಮದುಮಗನ ಕೊರಳಲ್ಲಿ ಹುಳ ಹರಿದರೆ ಅವರು ನಿಲ್ಲಿಸುವುದು ಬರೀ ಮಾತನ್ನಲ್ಲ.

ಡಬ್ಬ ತೆಗೆದು ನೋಡಿದೆವು. ಮಂಜುವಿನ ಕೈಗೆ ಕೊಡಬೇಕಿದ್ದ ಹಾರದಲ್ಲಿ ಆಗಲೇ ಒಂದು ಗೂಡಿನ ತುದಿ ಒದ್ದೆ.

"ಇನ್ನೊಂದೆಲ್ಲಿ?"

"ರಾತ್ರಿ ಮಾಯಮ್ಮನೋರು ವರನ ರೂಮ್ಗೆ ತಗೊಂಡೋದ್ರು. ಅವರ ಕಡೆಯವ್ರಿಗೆ ತೋರ್ಸಕ್ಕೆ."

ಹೂವಿನವನಿಗೆ ಫೋನು ಮಾಡಿದೆ. ಮದುವೆ ಸೀಸನ್ನು. "ಎರಡು ರೆಡಿ ಅವೆ ಸಾ," ಅಂದ. ಉಸಿರು ಬಂತು. "ಆದ್ರೆ ಅವು ಬ್ಯಾರೆ ಕಾರ್ಯಕ್ಕೆ ಕಟ್ಟಿಸಿರವು. ಬೆಳಿಗ್ಗೆ ಓಗ್ಬುಟ್ರಂತೆ, ಪಾಪ." ಬಂದಿದ್ದ ಉಸಿರು ನನ್ನದೂ ಹೋಯಿತು. ಫೋನಿಟ್ಟೆ.

ವರನ ಕೋಣೆಯ ಬಾಗಿಲಿಗೆ ಪರದೆ ಇಳಿಬಿಟ್ಟಿತ್ತು. ಹೋಗಿ ಹಾರ ಕೊಡಿ ಅಂದರೆ ಮಾಯಮ್ಮ ಯಾಕೆ, ಏನು, ಎತ್ತ ಅಂತ ಶುರು ಮಾಡುತ್ತಾರೆ. ಹಿಂದಿನ ಸಂಜೆಯಿಂದ ನಮ್ಮ ತಲೆ ತಿಂದಿದ್ದ ಫೋಟೋಗ್ರಾಫರನ ದನಿ ನನ್ನ ಗಂಟಲಲ್ಲಿ ಇನ್ನೂ ಬಿಸಿಯಾಗಿತ್ತು. ಪರದೆಯಾಚೆ ನಿಂತು ಮೂಗಿನಲ್ಲಿ ಎಳೆದೆ:

"ಮ್ಯಾಡಮ್ಮೋರೇ, ಹಾರದ ಕ್ಲೋಸಪ್ ಒಂದ್ ಬಾಕಿ ಐತೆ ಮ್ಯಾಡಂ. ಒನ್ ಮಿನಿಟ್ ಕೊಡಿ ಮ್ಯಾಡಂ, ಲೈಟ್ ಓಯ್ತದೆ ಮ್ಯಾಡಂ."

ಪರದೆಯ ಸಂದಿಯಿಂದ ಬಳೆ ತುಂಬಿದ ಕೈಯೊಂದು ಹಾರದ ಸಮೇತ ಈಚೆ ಬಂತು. "ತಕಳಪ್ಪ, ಉಸಾರು. ಗೂಡು ಒಳ್ಳೆ ತೂಕ ಐತೆ. ಖಾಲಿ ಮಾಲಲ್ಲ." ಮಾಯಮ್ಮನ ಮನೆಯವರು ಕಬ್ಬಿನವರು, ಹುಳ ಸಾಕಿದವರಲ್ಲ. ಅದೊಂದು ಪುಣ್ಯ.

ಉಗ್ರಾಣಕ್ಕೆ ಓಡಿ ಬಂದೆ. ಬಾಗಿಲು ತೆಗೆದರೆ ವೀಣ ಒಬ್ಬಳೇ ಇರಲಿಲ್ಲ. ಅರಿಶಿನದ ತಟ್ಟೆ ಹುಡುಕಿಕೊಂಡು ಬಂದಿದ್ದ ಅವ್ವ ನಡುಮಧ್ಯೆ ನಿಂತಿದ್ದಳು.

"ಏನ್ಲಾ ಇದು? ಎಂಡ್ತಿ ಬಾಗ್ಲಾಕ್ಕಂಡು, ಗಂಡ ಆರ ಇಡ್ಕಂಡು? ಮೂರ್ತಕ್ಕೆ ಐನೋರು ಕೂಗ್ತಾವ್ರೆ!"

ಗೂಡಿನ ವಿಷಯ ಗೂಢವಾಗಿಯೇ ಇರಲಿ ಅಂತ ನಾನೊಂದು ಸುಳ್ಳಿಗೆ ಬಾಯಿ ತೆಗೆದೆ. ವೀಣ ನನಗಿಂತ ಮೊದಲು ಮಾತಾಡಿಬಿಟ್ಟಳು.

"ಅತ್ತೆ, ಗೂಡೊಳಗೆ ಜೀವ ಐತೆ. ನಾನ್ ಸರಿಯಾಗಿ ಒಣಗ್ಸಿಲ್ಲ. ಚಿಟ್ಟೆ ಬರಕ್ಕೆ ಶುರುವಾಗವೆ."

ಕವರ್ ತೋರಿಸಿದಳು. ಅಷ್ಟರಲ್ಲಿ ಅದರಲ್ಲಿ ಎರಡಾಗಿದ್ದವು. ಅವ್ವ ಕವರನ್ನೂ ಸೊಸೆಯನ್ನೂ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ನಾನು ತೆಂಗಿನಕಾಯಿ ಮೂಟೆಯ ಕಡೆ ನೋಡಿದೆ. ಹೊರಗೆ ವಾಲಗದವರು ಶ್ರುತಿ ಕೂಡಿಸುತ್ತಿದ್ದರು.

"ಯಾರ್ ಯಾರಿಗ್ ಗೊತ್ತು?"

"ಯಾರಿಗೂ ಇಲ್ಲ ಅತ್ತೆ."

"ಮಂಜೂಗೆ?"

"ಇಲ್ಲ."

"ಯೋಳ್ಬ್ಯಾಡಿ. ಮೊದ್ಲೇ ಅಳುಬುರ್ಕಿ." ಅವ್ವ ಬಾಗಿಲಿಗೆ ಚಿಲಕ ಹಾಕಿ, ನೆಲಕ್ಕೆ ಕೂತು, ಎರಡು ಹಾರವನ್ನೂ ತೊಡೆ ಮೇಲೆ ಎಳೆದುಕೊಂಡಳು. "ಕತ್ರಿ ತಾ. ಸುಮ್ನೆ ನಿಂತ್ಕಂಡು ಏನ್ ನೋಡಿಯೆ?"

ಒದ್ದೆಯಾದದ್ದು, ತುದಿ ಮೆತ್ತಗಾದದ್ದು, ಹಿಡಿದರೆ ಒಳಗೆ ಅಲುಗಿದಂತೆ ಅನ್ನಿಸಿದ್ದು, ಎಲ್ಲವನ್ನೂ ವೀಣ ಬೆರಳಲ್ಲಿ ಮುಟ್ಟಿ ಮುಟ್ಟಿ ಹೇಳಿದಳು. ಅವ್ವ ಕತ್ತರಿಸಿ ಕಿತ್ತಳು. ಗ್ಲೂ ಗಟ್ಟಿಯಾಗಿತ್ತು. ಸೊಸೆಯ ಕೆಲಸ ಅಷ್ಟು ಚೊಕ್ಕವಾಗಿದ್ದದ್ದು ಅವತ್ತು ಶಾಪವಾಯಿತು. ಹಾರ ಹಲ್ಲುದುರಿದ ಬಾಯಿಯ ಹಾಗೆ ಕಾಣತೊಡಗಿದಾಗ ಅವ್ವ ತನ್ನ ತುರುಬಿಗೆ ಕೈಹಾಕಿ ಮಲ್ಲಿಗೆ ದಂಡೆಯನ್ನು ಕಿತ್ತು ವೀಣಳ ಮುಂದೆ ಎಸೆದಳು. "ಸಂದೀಗ್ ತುರುಕು." ವೀಣಳ ತಲೆಯದೂ ಹೋಯಿತು. ಗ್ಲೂ ಗನ್ನು ಬಿಸಿಯಾಗುವಷ್ಟು ಹೊತ್ತಿರಲಿಲ್ಲ. ಸೇಫ್ಟಿ ಪಿನ್ನಿನಲ್ಲಿ, ಎಲೆಕಟ್ಟಿನ ಬಾಳೆನಾರಿನಲ್ಲಿ, ಕೊನೆಗೆ ನನ್ನ ಶರ್ಟಿನ ಗುಂಡಿಯ ದಾರದಲ್ಲಿ ಕಟ್ಟಿದಳು. ಹೊತ್ತು ಮೀರುತ್ತಿತ್ತು. ಆದರೂ ಮಲ್ಲಿಗೆ ಎಸಳೆಲ್ಲ ಒಂದೇ ಕಡೆಗೆ ಮುಖ ಮಾಡುವ ಹಾಗೆ ತಿರುಗಿಸುತ್ತಿದ್ದಳು.

"ಎಲ್ಲಾ ತೆಗ್ದಂಗಾಯ್ತಾ?" ನಾನು ಕೇಳಿದೆ.

"ನಂಗೇನ್ ಗೊತ್ರೀ? ಒಣಗಿರೋದಾವ್ದು, ನಿದ್ದೆ ಮಾಡ್ತಿರೋದಾವ್ದು, ಮೇಲಿಂದ ಎಲ್ಲಾ ಒಂದೇ."

ಬಾಗಿಲು ಬಡಿದರು. "ಕಳಸಗಿತ್ತಿ ಎಲ್ಲಮ್ಮಾ? ಐನೋರ್ ಬೈತಾವ್ರೆ!" ಕಳಸಗಿತ್ತಿ ಅಂದರೆ ವೀಣಳೇ. ಮದುಮಗಳ ಪಕ್ಕ ಕಳಸ ಹಿಡಿದು ನಿಲ್ಲಬೇಕಾದವಳು, ಧಾರೆ ಮುಗಿಯುವವರೆಗೆ ಕಳಸ ಕೆಳಗಿಡುವ ಹಾಗಿಲ್ಲ. ಅಂದರೆ ಹಾರಕ್ಕೆ ಏನೇ ಆದರೂ ಅದನ್ನು ಮಾಡಿದವಳ ಎರಡೂ ಕೈ ಕಟ್ಟಿಹಾಕಿದ ಹಾಗೆಯೇ.

ಅಂತರಪಟ ಸರಿಯಿತು. ಜೀರಿಗೆ ಬೆಲ್ಲ ಎರಚಾಡಿದರು. ಮಂಜು ಅಪ್ಪುವಿಗೆ ಹಾರ ಹಾಕಿದಳು, ಅಪ್ಪು ಮಂಜುವಿಗೆ ಹಾಕಿದ. "ಅಯ್ಯೋ ಎಷ್ಟ್ ಚೆನ್ನಾಗೈತೆ, ಗೂಡಿಗೆ ಮಲ್ಲಿಗೆ!" ಅಂತ ಯಾರೋ ಅಂದರು. ನಾನು ಮಂಟಪದ ಕೆಳಗೆ ನಿಂತು ವೀಣಳನ್ನೇ ನೋಡುತ್ತಿದ್ದೆ. ಅವಳು ಹಾರ ಬಿಟ್ಟು ಬೇರೆ ಏನನ್ನೂ ನೋಡುತ್ತಿರಲಿಲ್ಲ. ಕಳಸದ ಮೇಲಿನ ತೆಂಗಿನಕಾಯಿ ಸಣ್ಣಗೆ ಅಲ್ಲಾಡುತ್ತಿತ್ತು.

ತಾಳಿಯ ತಟ್ಟೆ ಎಲ್ಲರ ಕೈ ಮುಟ್ಟಿಸಿಕೊಂಡು ಸುತ್ತಿ ಬರುವಾಗ ಅವಳ ಕಣ್ಣು ದೊಡ್ಡವಾದವು. ನಾನೂ ಅತ್ತ ನೋಡಿದೆ. ಅಪ್ಪುವಿನ ಎಡ ಭುಜದ ಮೇಲೆ, ಬಿಳೀ ಶಲ್ಯಕ್ಕೆ ಒತ್ತಿಕೊಂಡ ಹಾಗೆ, ಒಂದು ಗೂಡಿನ ತುದಿ ಕಪ್ಪಾಗುತ್ತಿತ್ತು. ವೀಣ ನನ್ನ ಕಡೆ ನೋಡಿದಳು. ಕಣ್ಣಿನಲ್ಲೇ ಕಿರುಚುವುದು ಅಂದರೆ ಏನು ಅಂತ ನನಗೆ ಅವತ್ತು ತಿಳಿಯಿತು. ನಾನು ಮೆಟ್ಟಿಲು ಹತ್ತಬೇಕು ಅನ್ನುವಷ್ಟರಲ್ಲಿ ಅವ್ವ ಆಗಲೇ ಅಲ್ಲಿದ್ದಳು.

"ಆರ ವಾರೆ ಆಗೈತೆ ಕಣಪ್ಪ, ತಡಿ," ಅಂತ ಅಳಿಯನ ಭುಜಕ್ಕೆ ಕೈಹಾಕಿ, ಸರಿಮಾಡುವವಳ ಹಾಗೆ ಆ ಗೂಡನ್ನು ಜರಿ ಸಮೇತ ಕಿತ್ತು ಸೆರಗಿನೊಳಕ್ಕೆ ಎಳೆದುಕೊಂಡಳು. ಪುರೋಹಿತರು ಮಂತ್ರದ ನಡುವೆಯೇ, "ತಾಯೀ, ಸ್ವಲ್ಪ ಹಿಂದೆ," ಅಂದರು. ಅಪ್ಪು ತಾಳಿ ಕಟ್ಟಿದ. ವಾಲಗ ಮೊಳಗಿತು. ಆ ಗದ್ದಲದಲ್ಲಿ ಅವ್ವ ಮಗಳ ಹಾರವನ್ನೂ ಒಮ್ಮೆ ಸರಿಮಾಡಿದಳು. ಧಾರೆಯ ಹಾಲು ಎರೆಯುವ ಮುಂಚೆ ಇನ್ನೊಮ್ಮೆ.

ಮಾಯಮ್ಮ ಮುಂದಿನ ಕುರ್ಚಿಯಲ್ಲಿ ಕತ್ತು ನೀಡಿದರು. "ಏನ್ ಬೀಗ್ತಿ, ಮಗಳು ಅಳಿಯಂಗಿಂತ ಆರದ ಮ್ಯಾಲೇ ಕಣ್ಣು?"

"ಸೊಸೆ ಮಾಡಿರದಲ್ವಾ," ಅವ್ವ ತಿರುಗಿಯೂ ನೋಡದೆ ಅಂದಳು. "ವಾರೆ ಆದ್ರೆ ಒಟ್ಟೆ ಉರೀತದೆ."

ಹಾಲು ಇಳಿಯಿತು, ಧಾರೆ ಮುಗಿಯಿತು. ವೀಣ ಕಳಸ ಕೆಳಗಿಟ್ಟಳು. ಅಕ್ಷತೆ ಹಾಕಲು ಜನ ಸಾಲುಗಟ್ಟುವ ಮೊದಲೇ ಅವ್ವ ಎರಡು ಹಾರವನ್ನೂ ಬಿಚ್ಚಿಸಿ ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟಳು. ಮಾಯಮ್ಮ ಅಡ್ಡ ಬಂದರು.

"ಕೊಡಿ ಇಲ್ಲಿ ಬೀಗ್ತಿ. ಮಳವಳ್ಳೀಗ್ ತಕಂಡೋಯ್ತೀವಿ. ಗಾಜಿನ ಸೋಕೇಸ್ ಐತೆ, ಒಳೀಕ್ ಮಡಗಿ ಲೈಟಾಕ್ಸ್ತೀನಿ. ಬಂದೋರೆಲ್ಲ ನೋಡ್ಲಿ."

ಗಾಜಿನ ಪೆಟ್ಟಿಗೆಯೊಳಗೆ, ಬೆಳಕಿನಲ್ಲಿ, ಬಂದವರೆಲ್ಲ ನೋಡುವ ಹಾಗೆ. ವೀಣ ನನ್ನ ಮುಂಗೈ ಹಿಡಿದಳು. ಉಗುರು ಚುಚ್ಚಿತು.

"ಆಗಲ್ಲ ಕಣವ್ವ," ಅವ್ವ ಅಂದಳು. "ಧಾರೆ ಆರ ಎಣ್ಣಿನ ಮನೇಲೇ ಇರ್ಬೇಕು. ವರ್ಸ ತುಂಬೋಗಂಟ ಗಂಡಿನ್ ಮನೆ ವಸ್ಲು ದಾಟಂಗಿಲ್ಲ."

"ಇದ್ಯಾವೂರ್ ಪದ್ಧತೀನವ್ವ? ನಾ ಕೇಳೇ ಇಲ್ಲ."

"ನಮ್ಮೂರು ದುದ್ದದ್ ಕಡೆ. ನಮ್ಮತ್ತೆ ಮಾಡವ್ರೆ, ಅವ್ರತ್ತೆ ಮಾಡವ್ರೆ. ಬುಟ್ರೆ ಒಳ್ಳೇದಾಗಲ್ಲ ಅಂತಾರೆ. ಬ್ಯಾಡ ಅಂದ್ರೆ ಯೋಳಿ, ಈಗ್ಲೇ ಕೊಟ್ಬುಡ್ತೀನಿ." ಟವೆಲ್ಲಿನ ಗಂಟನ್ನು ಮುಂದಕ್ಕೆ ಚಾಚಿದಳು. ಅದರ ಒಂದು ಮಡಿಕೆ ತಾನಾಗಿ ಅಲುಗಿದ್ದು ನನಗೆ ಕಂಡಿತು.

ಮಾಯಮ್ಮ ಆ ಗಂಟನ್ನೂ ಅಪ್ಪುವನ್ನೂ ನೋಡಿ ಕೈ ಹಿಂದಕ್ಕೆಳೆದುಕೊಂಡರು. "ಇರ್ಲಿ ಬುಡಿ. ಪದ್ಧತಿ ಅಂದ್ಮೇಲೆ ನಾವ್ಯಾಕ್ ಮುರೀಮ." ಎರಡು ಹೆಜ್ಜೆ ಹೋಗಿ ತಿರುಗಿದರು. "ನಿಮ್ ಸೆರಗಿಗೇನ್ ಅದು ಕಲೆ?"

"ಕಾಪಿ," ಅಂದಳು ಅವ್ವ.

ಉಗ್ರಾಣದಲ್ಲಿ ಮತ್ತೆ ನಾವು ಮೂರೇ ಜನ. ಅವ್ವ ಕಾಯಿಮೂಟೆ ಮೇಲೆ ಕೂತು ಸೆರಗು ಬಿಚ್ಚಿದಳು. ಮದುವೆಗೆಂದೇ ತೆಗೆದ ಹೊಸ ರೇಷ್ಮೆ ಸೀರೆ. ಅಂಗೈಯಗಲ ಕಂದು ನೀರು ಇಂಗಿತ್ತು. ನಡುವೆ ಹರಿದ ಗೂಡೊಂದರಿಂದ ತಲೆ ಹೊರಹಾಕಿದ ಚಿಟ್ಟೆ ಜರಿಯ ಅಂಚನ್ನು ಹಿಡಿದು ಹತ್ತಲು ನೋಡುತ್ತಿತ್ತು. ವೀಣ ಅವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದನ್ನು ಬೆರಳ ತುದಿಯಲ್ಲಿ ಬಿಡಿಸಿಕೊಳ್ಳಲು ಹೋದಳು. ಆಗಲಿಲ್ಲ. ಬೆಳಗಿನಿಂದ ತಡೆದುಕೊಂಡಿದ್ದ ಅಳು ಒಂದೇ ಸಲ ಬಂತು.

"ತಪ್ಪಾಯ್ತು ಅತ್ತೆ..."

"ತಪ್ಪಾಗ್ದೆ ಇನ್ನೇನು? ತೂತಿದ್ರೆ ಏನಾಗಿತ್ತೆ ನಿಂಗೆ, ಯಾರ್ ಬಗ್ಗಿ ನೋಡ್ತಿದ್ರು?" ಅವ್ವನ ದನಿ ಏರಿತು. ಹೊರಗೆ ಜನರಿರುವುದು ನೆನಪಾಗಿ ಇಳಿಯಿತು. ಚಿಟ್ಟೆಯ ಕಾಲನ್ನು ಜರಿಯಿಂದ ತಾನೇ ಮೆಲ್ಲಗೆ ಬಿಡಿಸಿ ಸೊಸೆಯ ಅಂಗೈ ಮೇಲೆ ಇಟ್ಟಳು. "ಸುಮ್ಕಿರು, ಅಳ್ಬ್ಯಾಡ. ಆಚೆ ಜನ ಅವ್ರೆ. ಮೂಗೊರ್ಸ್ಕಳಾನ ಅಂದ್ರೆ ನನ್ ಸೆರಗೂ ಕಿಲೀನಾಗಿಲ್ಲ."